ಗನ್ ಆಮೇಲೆ, ತೂತು ಮೊದಲು

ಮನೆಯ ಬಾಣಲೆಯ ಹಿಡಿಯನ್ನೊಮ್ಮೆ ತಿರುಗಿಸಿ ನೋಡಿ. ಅದನ್ನು ಕಚ್ಚಿಕೊಂಡಿರುವ ರಿವೆಟ್ಟಿನ ಜಾತಿಯದ್ದೇ ವಿಮಾನದ ರೆಕ್ಕೆಯ ತಗಡನ್ನೂ ಹಿಡಿದಿರುವುದು. 1951ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ವಿಮಾನ, ವಿ.ಎಂ. ಘಾಟಗೆಯವರ ತಂಡ ರೂಪಿಸಿದ್ದು, ಪೂರ್ತಿ ಲೋಹದ್ದೇ.

ಸರಗೂರಿನಿಂದ ಐಟಿಐಗೆ ಹೋಗಿ ರಿವೆಟ್ ಬಡಿಯುವ ಕಸುಬು ಹಿಡಿಯುವ ಮಕ್ಕಳೇ, ಕಿಟ್ ತರಿಸಿ ಶೆಡ್ಡಿನಲ್ಲೇ ವಿಮಾನ ಜೋಡಿಸುವ ಹುಚ್ಚಿರುವವರೇ, ರಿವೆಟ್ ಗನ್ ಹಿಡಿಯಲು ಆತುರ ಬೇಡ. ಕೊರೆದ ತೂತಿನ ಅಂಚಿನ ಮುಳ್ಳನ್ನು ಹೆರೆದು ತೆಗೆಯಿರಿ. ಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ತಗಡನ್ನು ಕ್ಲೀಕೋ ಎಂಬ ತಾತ್ಕಾಲಿಕ ಪಿನ್ನುಗಳಿಂದ ಬಿಗಿದು, ಮಧ್ಯದಿಂದ ಅಂಚಿನತ್ತ ಹೋಗಿ. ಎರಡೂ ತುದಿಯಿಂದ ಶುರುಮಾಡಿದರೆ ನಡುವೆ ತಗಡು ಉಬ್ಬಿ ನಿಲ್ಲುತ್ತದೆ, ಹೊಲಿಗೆ ತಪ್ಪಿದ ರವಿಕೆಯ ಹಾಗೆ.

2.4 ಮಿ.ಮೀ. ದಪ್ಪದ ರಿವೆಟ್ ಆದರೆ, ಬಡಿದ ಮೇಲೆ ಹಿಂಬದಿಯ ತಲೆ ಸುಮಾರು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ ಇರಬೇಕು. ಬಡಿಯುವಾಗ ಒಳಗಿನಿಂದ ರಿವೆಟ್ಟಿಗೆ ಕಬ್ಬಿಣದ ಗಟ್ಟಿ ಒತ್ತುವವರು ಮನೆಯವರೇ ಆಗಿದ್ದರೆ ಜಗಳ ಖಾತ್ರಿ. ಅವರು ‘ಹೂಂ’ ಅಂದ ಮೇಲೆಯೇ ಗನ್ ಒತ್ತಿ.

ತುಸು ಸೊಟ್ಟಗಾದ ರಿವೆಟ್ಟನ್ನು ಕಂಡಕೂಡಲೇ ಕೊರೆದು ಕೀಳಬೇಡಿ. ಅನುಭವಿಗೆ ತೋರಿಸಿ. ಕೀಳುವಾಗ ಅಗಲವಾದ ತೂತು ಸೊಟ್ಟ ರಿವೆಟ್ಟಿಗಿಂತ ಕೆಟ್ಟದ್ದು.