ಜೊಳ್ಳು ತೇಲಿಸುವ ಉಪ್ಪುನೀರಿನಿಂದ ಕಲ್ಲಿದ್ದಲು ಪರೀಕ್ಷೆಯವರೆಗೆ

ಒಂಬತ್ತನೆಯ ತರಗತಿಯ ‘ಗುರುತ್ವ’ ಘಟಕದಲ್ಲಿ ತೇಲುವುದು, ಮುಳುಗುವುದು, ಸಾಂದ್ರತೆ ಬರುತ್ತವೆ. ವ್ಯಾಖ್ಯೆ ಬರೆಸಿ ಎರಡು ಲೆಕ್ಕ ಮಾಡಿಸಿದರೆ ಪಾಠ ಮುಗಿಯುತ್ತದೆ. ಆದರೆ ಸಾಂದ್ರತೆಯಿಂದ ಏನನ್ನು ನಿರ್ಧರಿಸಬಹುದು ಎಂಬುದು ಮಕ್ಕಳಿಗೆ ತಲುಪುವುದಿಲ್ಲ. ವೀರನಹೊಸಹಳ್ಳಿಯಲ್ಲಿ ಬೋಧನಾ ಅಭ್ಯಾಸದ ಅವಧಿಗೆ ಕಲ್ಲಿದ್ದಲಿನ ‘ತೇಲು–ಮುಳುಗು ಪರೀಕ್ಷೆ’ಯನ್ನು ಅನ್ವಯವಾಗಿ ಆರಿಸಿಕೊಂಡದ್ದು ಈ ಕಾರಣಕ್ಕೆ.

ಪೂರ್ವಜ್ಞಾನಕ್ಕೆ ದೂರ ಹೋಗಬೇಕಿಲ್ಲ. ಹನಗೋಡು ನಾಲೆಯ ಕಡೆ ಭತ್ತ ಬೆಳೆಯುವ ಮನೆಗಳ ಮಕ್ಕಳು ತರಗತಿಯಲ್ಲಿರುತ್ತಾರೆ. ಒಟ್ಲು ಬಿಡುವ ಮುಂಚೆ ನೀರಿಗೆ ಉಪ್ಪು ಕರಗಿಸಿ, ಕೋಳಿಮೊಟ್ಟೆ ನಾಲ್ಕಾಣೆ ಅಗಲ ಮೇಲೆ ಕಾಣುವಂತೆ ತೇಲಿದಾಗ ಭತ್ತ ಸುರಿಯುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಮೊಟ್ಟೆ ಇಲ್ಲಿ ಸಾಂದ್ರತಾಮಾಪಕ. ಮೂರು ಲೋಟಗಳಲ್ಲಿ ಸಿಹಿನೀರು, ತೆಳು ಉಪ್ಪುನೀರು, ಗಟ್ಟಿ ಉಪ್ಪುನೀರು ಇಟ್ಟು, ಒಂದರಲ್ಲಿ ಮುಳುಗಿದ್ದನ್ನು ಮುಂದಿನದಕ್ಕೆ ಹಾಕಿಸಿದರೆ ಪ್ರಯೋಗಾಲಯದ ಕ್ರಮವೇ ಕಣ್ಣಮುಂದೆ ನಡೆಯುತ್ತದೆ.

ಕಲ್ಲಿದ್ದಲಿನಲ್ಲಿ ಇದು ತಲೆಕೆಳಗು. ಶುದ್ಧ ಕಲ್ಲಿದ್ದಲಿನ ಸಾಪೇಕ್ಷ ಸಾಂದ್ರತೆ ಸುಮಾರು 1.3, ಅದರೊಂದಿಗೆ ಬರುವ ಜೇಡಿಪದರ, ಕಲ್ಲುಗಳದ್ದು 2ಕ್ಕಿಂತ ಹೆಚ್ಚು. ತೇಲಿದ್ದು ಬೇಕಾದದ್ದು, ಮುಳುಗಿದ್ದು ಕಸ. ‘ತೇಲಿದ್ದೆಲ್ಲ ಜೊಳ್ಳು’ ಎಂಬ ರೂಢಿಯ ತೀರ್ಮಾನ ಇಲ್ಲಿ ಅಲುಗಾಡುತ್ತದೆ. ನನ್ನ ಪ್ರಕಾರ ಪಾಠದ ಜೀವ ಇಲ್ಲಿದೆ, ಅವಸರಪಡಬಾರದು. ಸ್ಯಾಚುರೇಟೆಡ್ ಉಪ್ಪುನೀರು 1.2 ದಾಟದ ಕಾರಣ ಅದರಲ್ಲಿ ಕಲ್ಲಿದ್ದಲು ತೇಲುವುದಿಲ್ಲ. ಪ್ರಯೋಗಾಲಯದಲ್ಲಿ ಸತುವಿನ ಕ್ಲೋರೈಡ್ ದ್ರಾವಣವನ್ನು 1.3ರಿಂದ 1.8ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ತಯಾರಿಸುತ್ತಾರೆ. ಅದು ಚರ್ಮ ಸುಡುತ್ತದೆ, ಶಾಲೆಗೆ ತರಬಾರದು. ಸೌದೆಯ ಇದ್ದಿಲನ್ನೂ ಬದಲಿಗೆ ತೋರಿಸಬೇಡಿ. ಅದು ಸಿಹಿನೀರಿನಲ್ಲೇ ತೇಲುತ್ತದೆ.

ಪ್ರಯೋಗಾಲಯದಲ್ಲಿ ಮೊದಲು ಕಲ್ಲಿದ್ದಲನ್ನು ಒಡೆದು, ಜರಡಿ ಹಿಡಿದು, ಗಾತ್ರವಾರು ಬೇರ್ಪಡಿಸುತ್ತಾರೆ. ಪ್ರತಿ ಸಾಂದ್ರತೆಯಲ್ಲಿ ತೇಲಿದ್ದನ್ನು ಒಣಗಿಸಿ ತೂಗಿ, ಸುಟ್ಟು ಬೂದಿಯಂಶ ಕಂಡುಹಿಡಿಯುತ್ತಾರೆ. ಕಪ್ಪುಹಲಗೆಯ ಲೆಕ್ಕಕ್ಕೆ 100 ಕಿಲೋ ಕಲ್ಲಿದ್ದಲೆಂದು ಊಹಿಸಿದ ಅಂಕಿಗಳು ಇವು:

1.4ರಲ್ಲಿ ತೇಲಿದ್ದು 30 ಕಿಲೋ, ಬೂದಿ ಶೇ. 12
1.4ರಿಂದ 1.6: 30 ಕಿಲೋ, ಶೇ. 28
1.6ರಿಂದ 1.8: 20 ಕಿಲೋ, ಶೇ. 45
1.8ರಲ್ಲೂ ಮುಳುಗಿದ್ದು 20 ಕಿಲೋ, ಶೇ. 70

ಒಟ್ಟು ಬೂದಿ 35 ಕಿಲೋ. 1.4ರಲ್ಲಿ ಬೇರ್ಪಡಿಸಿದರೆ ಶೇ. 12 ಬೂದಿಯ ಒಳ್ಳೆಯ ಕಲ್ಲಿದ್ದಲು ಸಿಗುತ್ತದೆ, ಆದರೆ 70 ಕಿಲೋ ಹೊರಗೆ. 1.6ರಲ್ಲಿ 60 ಕಿಲೋ, ಬೂದಿ ಶೇ. 20. 1.8ರಲ್ಲಿ 80 ಕಿಲೋ, ಬೂದಿ ಶೇ. 26.25. ಎಲ್ಲಿ ಕತ್ತರಿಸಬೇಕು? ಗುಂಪುಗಳಲ್ಲಿ ವಾದ ಮಾಡಲು ಬಿಡಿ. 1.6ರ ಪಕ್ಷದವರಿಗೆ ಒಂದು ಪ್ರಶ್ನೆ ಇರಲಿ: ಬಿಸಾಡುವ 40 ಕಿಲೋದಲ್ಲಿ ಬೂದಿ 23 ಕಿಲೋ ಮಾತ್ರ, ಉಳಿದ 17 ಕಿಲೋ ಏನು?

ಭಾರತದ ಕಲ್ಲಿದ್ದಲಿನಲ್ಲಿ ಈ ವಾದ ಬಿಗಿಯಾಗುತ್ತದೆ. ನಮ್ಮ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಖನಿಜಾಂಶ ಕಣಕಣದಲ್ಲೂ ಬೆರೆತಿರುತ್ತದೆ. ಕತ್ತರಿಸುವ ಸಾಂದ್ರತೆಯ ಆಚೀಚೆ 0.1ರೊಳಗೆ ಬಹಳಷ್ಟು ಸರಕು ಗುಂಪುಗೂಡುತ್ತದೆ. ಈ ಪ್ರಮಾಣ ಶೇ. 7ರೊಳಗಿದ್ದರೆ ತೊಳೆಯುವುದು ಸುಲಭ, 25 ದಾಟಿದರೆ ಅತಿಕಷ್ಟ. ಅಂಥಲ್ಲಿ ಯಂತ್ರದ ಸಣ್ಣ ತಪ್ಪಿಗೂ ಒಳ್ಳೆಯದು ಕಸದಲ್ಲಿ, ಕಸ ಒಳ್ಳೆಯದರಲ್ಲಿ ಸೇರುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾಗಿ ಈಗ 1,720 ಮೆಗಾವಾಟ್ ಸಾಮರ್ಥ್ಯವಿರುವ ಶಕ್ತಿನಗರದ ರಾಯಚೂರು ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಂಥ ಕಡೆಗಳಿಂದ ರೈಲಿನಲ್ಲಿ ತರಬೇಕು. ಬೂದಿಯೂ ಬಾಡಿಗೆ ಕೊಟ್ಟೇ ಪ್ರಯಾಣ ಮಾಡುತ್ತದೆ! ದೂರದ ಸ್ಥಾವರಗಳಿಗೆ ಶೇ. 34 ಮೀರಿದ ಬೂದಿಯ ಕಲ್ಲಿದ್ದಲು ಕಳಿಸಬಾರದೆಂದು ಕೇಂದ್ರ ಪರಿಸರ ಸಚಿವಾಲಯ 2014ರಲ್ಲಿ ನಿಯಮ ಮಾಡಿ, 2020ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಎರಡೂ ತೀರ್ಮಾನಗಳ ಪರ, ವಿರೋಧ ಎರಡು ವಾಕ್ಯ ಬರೆಯುವುದನ್ನು ಮೌಲ್ಯಮಾಪನಕ್ಕೆ ಇಡಬಹುದು.

ಕೊನೆಗೆ ಲೋಟದ ಭತ್ತವನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಸಿ, ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಕಲ್ಲಿದ್ದಲನ್ನೂ ಹೀಗೆಯೇ ತೊಳೆಯುತ್ತಾರೆ. ಅಂಟಿದ ಕ್ಲೋರೈಡ್ ತೂಕವನ್ನೂ ಬೂದಿಯ ಲೆಕ್ಕವನ್ನೂ ಕೆಡಿಸುತ್ತದೆ.