ಮನೆಯಲ್ಲಿ ಅಲಗುಗಳನ್ನು ಮಸೆಯುವದಕ್ಕೆ ತಕ್ಕ ಸಲಕರಣೆಗಳು

ಮೊಂಡಾದ ಕತ್ತಿಯಿಂದ ಅಪಾಯವಿಲ್ಲವೆಂದು ಎಣಿಸುವವರುಂಟು. ಅದು ತಪ್ಪೆಣಿಕೆ. ಹರಿತವಾದ ಅಲಗು ಇಟ್ಟ ಸ್ಥಳದಲ್ಲಿಯೇ ಇಳಿಯುವದು. ಮೊಂಡಾದದ್ದನ್ನಾದರೋ ಬಲದಿಂದ ಒತ್ತಬೇಕಾಗುವದರಿಂದ ಅದು ಜಾರಿ, ಕಾಯಿಯನ್ನು ಹಿಡಿದಿರುವ ಕೈಗೆ ತಗಲುವದು. ಕೊಯ್ಲಿನ ಕಾಲದಲ್ಲಿ ಮೊಂಡು ಕುಡುಗೋಲು ಎಷ್ಟು ಶ್ರಮಕ್ಕೆ ಕಾರಣವೆಂಬದನ್ನು ನಿಮಗೆ ಹೇಳಬೇಕಾದದ್ದಿಲ್ಲ. ಆದರೆ ಬೇಗನೆ ಹರಿತವಾಗಬೇಕೆಂಬ ಆತುರದಲ್ಲಿ ಒಳ್ಳೇ ಉಕ್ಕನ್ನೇ ಕೆಡಿಸಿಕೊಳ್ಳುವವರು ಅನೇಕರಿರುವದರಿಂದ, ಯಾವ ಅಲಗಿಗೆ ಯಾವ ಸಲಕರಣೆ ತಕ್ಕದ್ದೆಂಬದನ್ನು ಇಲ್ಲಿ ವಿಚಾರಿಸೋಣ.

ಮೊದಲು ಉಕ್ಕಿನ ಹದವನ್ನು ತಿಳಿಯಬೇಕು. ಕಮ್ಮಾರನು ಅಲಗನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವಾಗ ಅದು ಬಹು ಗಡುಸಾಗುವದು. ಆದರೆ ಗಾಜಿನ ಹಾಗೆ ಒಡೆಯುವ ಸ್ವಭಾವವೂ ಅದಕ್ಕೆ ಬರುವದು. ಆ ದೋಷವನ್ನು ನೀಗಿಸುವದಕ್ಕೆ ಅದನ್ನು ತಿರಿಗಿ ಮೆಲ್ಲಗೆ ಕಾಯಿಸುವನು. ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಕಾಣುವದು. 280ರ ಸುಮಾರಿಗೆ ನೇರಳೆ, 300ರ ಸುಮಾರಿಗೆ ನೀಲಿ. ಬಿಸಿ ಏರಿದಷ್ಟೂ ಉಕ್ಕು ಮೆತ್ತಗಾಗುವದು. ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ತೆಳುವಾದ ಬಾಯನ್ನು ಒತ್ತಿ ಹಿಡಿದರೆ ಇಷ್ಟು ಬಿಸಿಯು ಕ್ಷಣಮಾತ್ರದಲ್ಲಿ ಹುಟ್ಟುವದು. ಬಾಯಲ್ಲಿ ನೀಲಿ ಕಲೆ ಬಿದ್ದ ಅಡಿಗೆಯ ಚಾಕು ಆ ದಿವಸ ಚೆನ್ನಾಗಿ ಕೊಯ್ದೀತು; ಕೆಲವು ದಿನಗಳಲ್ಲಿ ಮೊಂಡಾಗುವದು. ಎಷ್ಟು ಮಸೆದರೂ, ಆ ಕಲೆಯ ಭಾಗವು ಪೂರ್ಣವಾಗಿ ಸವೆದುಹೋಗುವ ತನಕ ಹರಿತವು ಅಲ್ಲಿ ನಿಲ್ಲದು. ಕಿಡಿಗಳು ಹಾರುವದನ್ನು ಕಂಡು ಮೆಚ್ಚಬಾರದು. ಸಾಣೆಯವನು ಬೀದಿಗೆ ಬಂದಾಗ ಅವನಿಗೆ ಕತ್ತರಿಯನ್ನು ಕೊಡಬಹುದು, ಯಾಕಂದರೆ ಅದರ ಎರಡು ಅಲಗುಗಳನ್ನು ಕೂಡಿಸುವದು ಅಭ್ಯಾಸವುಳ್ಳವರ ಕೆಲಸ. ಮಿಕ್ಕವುಗಳನ್ನು ಕೊಡುವದಾದರೆ, ಹಗುರವಾಗಿ ಹಿಡಿದು ಪದೇ ಪದೇ ನೀರಿನಲ್ಲಿ ಅದ್ದುವಂತೆ ಹೇಳಿರಿ.

ಹಾಗಾದರೆ ಮನೆಗೆ ಏನು ಬೇಕು? ನಮ್ಮ ಅಭಿಪ್ರಾಯದಲ್ಲಿ ಒಂದು ಪಕ್ಕದಲ್ಲಿ ಒರಟಾಗಿಯೂ ಮತ್ತೊಂದರಲ್ಲಿ ನುಣುಪಾಗಿಯೂ ಇರುವ ಒಂದು ಜೋಡುಗಲ್ಲು, ಒಂದು ಅರ, ಇವೆರಡೇ ಸಾಕು. ಅಂಗಡಿಯಲ್ಲಿ ಸಿಕ್ಕುವ ಬೂದು ಬಣ್ಣದ ಜೋಡುಗಲ್ಲು ಕಾರ್ಬೊರಂಡಮ್ ಎಂಬ ವಸ್ತುವಿನದು. 1891ರಲ್ಲಿ ಅಮೇರಿಕದ ಎಡ್ವರ್ಡ್ ಆಚಿಸನ್ ಎಂಬವನು ಇದನ್ನು ಕಂಡುಕೊಂಡನು. ಮರಳನ್ನೂ ಕೋಕ್ ಇದ್ದಲನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಇದನ್ನು ಮಾಡುತ್ತಾರೆ. ಇದು ಯಾವ ಉಕ್ಕಿಗಿಂತಲೂ ಗಡುಸಾದದ್ದು; ಆದದರಿಂದ ತುಕ್ಕು ಹಿಡಿಯದ ಉಕ್ಕಿನ ಚಾಕುಗಳಿಗೂ ಸಲ್ಲುವದು. ಕಲ್ಲು ಆರು ಅಂಗುಲಕ್ಕಿಂತ ಗಿಡ್ಡವಾಗಿರಬಾರದು. ಇಲ್ಲವಾದರೆ ಉದ್ದವಾದ ಅಲಗನ್ನು ಒಂದೇ ಎಳೆತದಲ್ಲಿ ಮಸೆಯಲಾಗದು. ಎರಡು ಗಡುಸಾದ ತುಂಡುಗಳ ಸೀಳಿನ ನಡುವೆ ಚಾಕನ್ನು ಎಳೆಯುವ ಸಣ್ಣ ಸಲಕರಣೆಯನ್ನು ನಾವು ಹೊಗಳಲಾರೆವು. ಅದು ಸುಲಭವೇನೋ ಸರಿ. ಆದರೆ ಉಕ್ಕನ್ನು ಬಹಳವಾಗಿ ತಿನ್ನುವದು, ಕುಡುಗೋಲಿಗಾಗಲಿ ಮಚ್ಚಿಗಾಗಲಿ ಬಾರದು.

ಕರಾವಳಿಯ ಕಡೆ ಬೆಣಚುಕಲ್ಲಿನ ಪುಡಿಯನ್ನು ಮರದ ಹಲಿಗೆಯ ಮೇಲೆ ಹಾಕಿ ಕತ್ತಿಯನ್ನು ಮಸೆಯುವ ಪದ್ಧತಿಯನ್ನು ಕಾಣುತ್ತೇವೆ. ಅದನ್ನು ಹಳೇಕಾಲದ್ದೆಂದು ತಳ್ಳಿಬಿಡಬೇಡಿರಿ. ಬೆಣಚುಕಲ್ಲು ಸಾಧಾರಣ ಉಕ್ಕಿಗಿಂತ ಗಡುಸು. ಮರವು ಸ್ವಲ್ಪ ಬಗ್ಗುವದರಿಂದ ಬಾಯಿ ಉಬ್ಬಿದಂತಾಗಿ, ಕಟ್ಟಿಗೆ ಕಡಿಯುವ ಕತ್ತಿಗೆ ಬೇಕಾದ ಬಲವು ದೊರೆಯುವದು. ಖರ್ಚು ಏನೂ ಇಲ್ಲ.

ಅರವು ಕೊಡಲಿ, ಮಚ್ಚು, ಗುದ್ದಲಿಗಳಿಗೆ ತಕ್ಕದ್ದು. ಅಲಗಿನ ಮೂಲೆಯಲ್ಲಿ ಒಂದು ಸಾರಿ ಎಳೆದು ನೋಡಿರಿ. ಅರವು ಕಚ್ಚಿದರೆ ಅದರಿಂದಲೇ ಕೆಲಸ ಮಾಡಬಹುದು. ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ಉಕ್ಕು ಬಹು ಗಡುಸೆಂದು ತಿಳಿದು ಕಲ್ಲನ್ನು ಹಿಡಿಯಿರಿ. ಅರವು ಮುಂದಕ್ಕೆ ಹೋಗುವಾಗ ಮಾತ್ರ ಕೊರೆಯುವದು. ಹಿಂದಕ್ಕೆ ತರುವಾಗ ಎತ್ತಬೇಕು. ಮರದ ಹಿಡಿಯಿಲ್ಲದ ಅರವನ್ನು ಎಂದಿಗೂ ಬಳಸಬಾರದು, ಅದರ ಚೂಪಾದ ಬಾಲವು ಅಂಗೈಯನ್ನು ತಿವಿಯುವದು. ಅರದ ಮಾತು ಬಂದದ್ದರಿಂದ ಒಂದು ಸಂಗತಿ: ಸೌಲನ ಕಾಲದಲ್ಲಿ ಇಸ್ರಾಯೇಲ್ಯರು ತಮ್ಮ ಕೊಡಲಿ ಗುದ್ದಲಿಗಳನ್ನು ಹರಿತ ಮಾಡಿಸುವದಕ್ಕೆ ಫಿಲಿಷ್ಟಿಯರ ಬಳಿಗೆ ಹೋಗಬೇಕಾಗಿತ್ತೆಂದು ಒಂದನೆಯ ಸಮುವೇಲ 13ನೇ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿರುವ ‘ಪೀಮ್’ ಎಂಬ ಮಾತಿನ ಅರ್ಥ ತಿಳಿಯದೆ 1611ರ ಇಂಗ್ಲಿಷ್ ಭಾಷಾಂತರಕಾರರು ಅದನ್ನು ಅರವೆಂದು ಬರೆದರು. ಆ ಮಾತನ್ನು ಕೆತ್ತಿದ ಸಣ್ಣ ತೂಕದ ಕಲ್ಲುಗಳು ಪಾಲೆಸ್ತೀನದಲ್ಲಿ ಅನಂತರ ಸಿಕ್ಕಿದವು. ಒಂದೊಂದು ಸುಮಾರು 8 ಗ್ರಾಮ್. ಅದು ಅರವಲ್ಲ, ಸಾಣೆಯ ಕೂಲಿ.

ಹಲ್ಲುಳ್ಳ ಕುಡುಗೋಲಿನ ಹಲ್ಲುಗಳ ಮೇಲೆ ಕಲ್ಲನ್ನಾಗಲಿ ಅರವನ್ನಾಗಲಿ ಉಜ್ಜಬಾರದು. ಸವೆದ ಹಲ್ಲನ್ನು ತಿರಿಗಿ ತೆಗೆಯುವದು ಕಮ್ಮಾರನ ಕೆಲಸ.

ಇನ್ನು ಮಸೆಯುವ ಕ್ರಮ. ಕಾಗದದ ಒಂದು ಚೌಕ ಮೂಲೆಯನ್ನು ಎರಡು ಸಾರಿ ಅರ್ಧರ್ಧವಾಗಿ ಮಡಿಸಿದರೆ ಇಪ್ಪತ್ತೆರಡೂವರೆ ಡಿಗ್ರಿಯ ಕೋನವಾಗುವದು. ಅಡಿಗೆಯ ಚಾಕನ್ನು ಕಲ್ಲಿನ ಮೇಲೆ ಅದಕ್ಕಿಂತ ತುಸು ಕಡಿಮೆ ಎತ್ತಿ ಹಿಡಿಯಿರಿ. ಕೊಡಲಿಗೆ ತುಸು ಹೆಚ್ಚು ಬೇಕು. ಒರಟು ಪಕ್ಕದಲ್ಲಿ ಅಲಗಿನ ಒಂದು ಬದಿಯನ್ನು ಮಸೆಯುತ್ತಾ ಹೋದರೆ, ಎದುರು ಬದಿಯಲ್ಲಿ ಕೂದಲಿನಂಥ ಉಕ್ಕಿನ ಎಳೆಯು ಬೆರಳಿಗೆ ತಡೆಯುವದು. ಬೆರಳನ್ನು ಬಾಯ ಉದ್ದಕ್ಕೆ ಎಳೆಯದೆ, ಬೆನ್ನಿನಿಂದ ಬಾಯ ಕಡೆಗೆ ಸರಿಸಿ ನೋಡಬೇಕು. ಆ ಎಳೆ ಬುಡದಿಂದ ತುದಿಯ ತನಕ ಸಿಕ್ಕಿದ ಮೇಲೆಯೇ ಬದಿಯನ್ನು ತಿರುಗಿಸತಕ್ಕದ್ದು. ಬಳಿಕ ನುಣುಪು ಪಕ್ಕದಲ್ಲಿ ಹಗುರವಾಗಿ ಎರಡು ಬದಿಗಳನ್ನೂ ಒಂದಾದ ಮೇಲೊಂದು ಎಳೆದರೆ ಎಳೆಯು ಬಿದ್ದುಹೋಗುವದು. ಬಾಯನ್ನು ಬೆಳಕಿಗೆ ಹಿಡಿಯಿರಿ: ಬಿಳೀ ಗೆರೆ ಹೊಳೆದ ಕಡೆಯಲ್ಲಿ ಇನ್ನೂ ಮೊಂಡುಂಟು.

ಕಲ್ಲಿಗೆ ನೀರು ಸಾಕು. ಗುಳ್ಳೆಗಳು ನಿಲ್ಲುವ ತನಕ ನೆನಸಿರಿ. ಅಡಿಗೆಯ ಎಣ್ಣೆಯನ್ನು ಹಾಕಿದರೆ ಅದು ಕ್ರಮೇಣ ಅಂಟಾಗಿ ಕಲ್ಲಿನ ರಂಧ್ರಗಳನ್ನು ಮುಚ್ಚುವದು. ನಡುವೆ ತಗ್ಗಾದ ಕಲ್ಲನ್ನು ಸಮವಾದ ಹಾಸುಗಲ್ಲಿನ ಮೇಲೆ ಒದ್ದೆ ಮರಳನ್ನು ಹಾಕಿ ತಿಕ್ಕಿದರೆ ತಿರಿಗಿ ಮಟ್ಟವಾಗುವದು.