ಆಸರೆ ನಗರಗಳು: ಬರೆದದ್ದಕ್ಕೆ ಊರು ಬಿಟ್ಟವರಿಗೆ ಒಂದು ಮನೆ

ನಮ್ಮ ಸಂಘದ ಗೋಡೆಪತ್ರಿಕೆಯಲ್ಲಿ ಚುಚ್ಚುವಂಥ ಒಂದು ಕವನ ಬಂದ್ರೆ ಹೆಚ್ಚೆಂದರೆ ಏನಾದೀತು? ವಿಭಾಗದ ಮುಖ್ಯಸ್ಥರು ಕರೆಸಿ ನಾಲ್ಕು ಮಾತು ಬೈಯಬಹುದು. ಆದರೆ ಬರೆದದ್ದಕ್ಕೆ, ಹಾಡಿದ್ದಕ್ಕೆ, ಚಿತ್ರ ಬಿಡಿಸಿದ್ದಕ್ಕೆ ಜೈಲು, ಕೊಲೆಬೆದರಿಕೆ ಎದುರಿಸುವವರು ಎಷ್ಟೋ ದೇಶಗಳಲ್ಲಿದ್ದಾರೆ. ಅಂಥವರು ಎಲ್ಲಿಗೆ ಹೋಗ್ತಾರೆ? ಈ ಸಲ ಅದನ್ನೇ ತಿಳಿದುಕೊಳ್ಳೋಣ.

ಶುರುವಾದದ್ದು ಹೇಗೆ?

1993ರಲ್ಲಿ ಅಲ್ಜೀರಿಯಾದ ಕಾದಂಬರಿಕಾರ, ಪತ್ರಕರ್ತ ತಾಹರ್ ಜಾವೂತ್ ಅವರನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ಯುರೋಪಿನಲ್ಲಿ ಲೇಖಕರು ಸೇರಿ 'ಅಂತಾರಾಷ್ಟ್ರೀಯ ಲೇಖಕರ ಸಂಸತ್ತು' ಕಟ್ಟಿದರು. ಆಗ ಪೊಲೀಸ್ ಕಾವಲಿನಲ್ಲಿ ಬದುಕುತ್ತಿದ್ದ ಸಲ್ಮಾನ್ ರಶ್ದಿ ಅದರ ಮೊದಲ ಅಧ್ಯಕ್ಷರು. ಬರೀ ಖಂಡನೆಯಿಂದ ಯಾರ ಜೀವವೂ ಉಳಿಯಲ್ಲ, ಇರೋಕೆ ಒಂದು ಮನೆ ಬೇಕು. ಹಾಗಾಗಿ ಅವರು ನಗರಗಳನ್ನೇ ಕೇಳಿಕೊಂಡರು. ಆ ಕೆಲಸವನ್ನು 2006ರಿಂದ ಮುಂದುವರಿಸಿರುವುದು ನಾರ್ವೆಯ ಸ್ಟಾವೆಂಜರ್ ನಗರದಲ್ಲಿರುವ 'ಐಕಾರ್ನ್' ಜಾಲ. ಇಂದು ಇದರಲ್ಲಿ 70ಕ್ಕೂ ಹೆಚ್ಚು ನಗರಗಳಿವೆ.

ಹೇಗೆ ಕೆಲಸ ಮಾಡುತ್ತೆ?

ಅಪಾಯದಲ್ಲಿರುವವರು ಜಾಲಕ್ಕೆ ಅರ್ಜಿ ಹಾಕುತ್ತಾರೆ. ಅವರ ಕೃತಿ ಯಾವುದು, ಬೆದರಿಕೆ ನಿಜವೇ ಎಂಬುದನ್ನು ಪರಿಶೀಲಿಸಲಾಗುತ್ತೆ. ಲೇಖಕರ ಅರ್ಜಿಗಳಲ್ಲಿ ಪೆನ್ ಇಂಟರ್‌ನ್ಯಾಷನಲ್ ಸಂಸ್ಥೆ ನೆರವಾಗುತ್ತೆ. ಆಮೇಲೆ ಒಂದು ನಗರ ಅವರನ್ನು ಆಹ್ವಾನಿಸುತ್ತದೆ. ಸಾಮಾನ್ಯವಾಗಿ ಎರಡು ವರ್ಷ ಮನೆ, ತಿಂಗಳ ಖರ್ಚಿಗೆ ಫೆಲೋಶಿಪ್, ವೀಸಾ ಕಾಗದಪತ್ರಗಳಿಗೆ ಸಹಾಯ ಸಿಗುತ್ತದೆ. ನಿರಾಶ್ರಿತರ ಶಿಬಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಇಲ್ಲಿ ಬಂದವರು ತಮ್ಮ ಕೆಲಸವನ್ನೂ ಮುಂದುವರಿಸಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಭಾರವನ್ನೆಲ್ಲ ಒಂದೇ ಕಂಬದ ಮೇಲೆ ಹಾಕದೆ ಹಲವು ಕಂಬಗಳಿಗೆ ಹಂಚಿದ ಹಾಗೆ.

ಮೂವರ ಕತೆ

ಚೀನಾದಲ್ಲಿ ಹಲವು ಬಾರಿ ಸೆರೆವಾಸ ಕಂಡ ಕವಿ ಹ್ವಾಂಗ್ ಶಿಯಾಂಗ್‌ಗೆ 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ 'ಸಿಟಿ ಆಫ್ ಅಸೈಲಮ್' ಮನೆ ಕೊಟ್ಟಿತು. ತನ್ನ ದೇಶದಲ್ಲಿ ಅಚ್ಚಾಗಲು ಬಿಡದ ಕವಿತೆಗಳನ್ನು ಅವರು ಆ ಮನೆಯ ಹೊರಗೋಡೆಯ ಮೇಲೆಲ್ಲ ದೊಡ್ಡ ಅಕ್ಷರದಲ್ಲಿ ಬರೆದರು!

ನಮ್ಮದೇ ದೇಶದ ನಾಗಾಲ್ಯಾಂಡಿನ ಈಸ್ಟರಿನ್ ಕಿರೆ ನಾರ್ವೆಯ ಟ್ರೊಮ್ಸೊ ನಗರದ ಅತಿಥಿ ಲೇಖಕಿಯಾದರು. ಅಲ್ಲಿ ನೆಲೆಸಿದ ಮೇಲೂ ಬರೆದದ್ದು ನಾಗಾ ನೆಲದ ಕತೆಗಳನ್ನೇ. 'ವೆನ್ ದ ರಿವರ್ ಸ್ಲೀಪ್ಸ್' ಕಾದಂಬರಿಗೆ 'ದಿ ಹಿಂದೂ' ಪತ್ರಿಕೆಯ 2015ರ ಬಹುಮಾನ ಬಂತು.

ಎಲ್ಲರ ಕತೆಯೂ ಹೀಗೆ ಮುಗಿಯಲ್ಲ. ಜಿಂಬಾಬ್ವೆಯ ಕಾದಂಬರಿಕಾರ ಚೆಂಜೆರಾಯ್ ಹೋವೆ ಸ್ಟಾವೆಂಜರ್‌ನ ಅತಿಥಿಯಾಗಿದ್ದರು. 2015ರಲ್ಲಿ ನಾರ್ವೆಯಲ್ಲೇ ತೀರಿಕೊಂಡರು. ಜೀವ ಉಳಿಸಿಕೊಳ್ಳೋಕೆ ಬಂದವರಿಗೆ ಊರಿಗೆ ಮರಳುವ ದಾರಿ ಸಿಗದೇ ಹೋಗಬಹುದು.

ಆಸರೆಯ ಮಿತಿ

2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ಶಟಾಕ್ವಾದಲ್ಲಿ ರಶ್ದಿ ಮಾತಾಡಬೇಕಿದ್ದುದು ಇದೇ ವಿಷಯದ ಬಗ್ಗೆ. ಜೊತೆಗಿದ್ದವರು ಪಿಟ್ಸ್‌ಬರ್ಗ್ ಸಂಸ್ಥೆ ಕಟ್ಟಿದ ಹೆನ್ರಿ ರೀಸ್. ಮಾತು ಶುರುವಾಗುವ ಹೊತ್ತಿಗೇ ಚಾಕುವಿನ ದಾಳಿ ನಡೆಯಿತು. ರಶ್ದಿ ಒಂದು ಕಣ್ಣು ಕಳೆದುಕೊಂಡರು, ರೀಸ್ ಅವರಿಗೂ ಗಾಯವಾಯಿತು. ಅಂದ್ರೆ, ದೂರ ಹೋದ ಮಾತ್ರಕ್ಕೆ ಭಯ ಹಿಂದೆ ಉಳಿಯಲ್ಲ.

ಇನ್ನು ಕೆಲವರು ಊರು ಬಿಡುವುದೇ ಇಲ್ಲ. ವಚನಗಳಿಗಾಗಿ ಜೀವನವನ್ನೇ ಸವೆಸಿದ ಎಂ. ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಹಾಗಾಗಿ ಇದನ್ನು ದೂರದ ದೇಶಗಳ ಸುದ್ದಿ ಅಂತ ಪಕ್ಕಕ್ಕಿಡೋಕೆ ನಮಗಾಗಲಿಲ್ಲ.

ಮನೆ ಕೊಡೋದು ನಗರಗಳ ಕೆಲಸ. ನಮ್ಮ ಕೈಲಾದದ್ದು ಒಂದಿದೆ: ಬಾಯಿ ಮುಚ್ಚಿಸಲು ನೋಡಿದವರ ಬರಹವನ್ನು ಓದೋದು, ಒಪ್ಪದಿದ್ದರೆ ಮಾತಿನಲ್ಲೇ ಉತ್ತರ ಕೊಡೋದು. ಮುಂದಿನ ಓದುಕೂಟಕ್ಕೆ ಕಿರೆಯವರ ಕಾದಂಬರಿ ಇಟ್ಟುಕೊಂಡಿದ್ದೇವೆ. ಬನ್ನಿ.